ಯಾರೂ ತುಳಿಯದ ಮೂಲೆ

ಗದಿಗೆಮ್ಮನಿಗೆ ಆಸ್ಪತ್ರೆಯ ಆ ತೋಟ ಮೊದಮೊದಲು ಹಿಡಿಸಿದ್ದು ಒಂದೇ ಕಾರಣಕ್ಕೆ. ಅಲ್ಲಿ ಯಾರೂ ತುಳಿಯದ ಒಂದು ಮೂಲೆ ಇತ್ತು.

ಮನೆಯಲ್ಲಾದರೆ ಈ ತಾಪತ್ರಯವಿಲ್ಲ. ಮಗುವಿಗೆ ದೃಷ್ಟಿ ತಾಗಿದೆ ಅನ್ನಿಸಿದರೆ ಹರಳುಪ್ಪು, ಸಾಸಿವೆ, ಎರಡು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಒಲೆಯ ಉರಿಗೆ ಹಾಕಿದರೆ ಮುಗಿಯಿತು. ಚಟಪಟ ಸಿಡಿದು ಹೋಗುತ್ತದೆ. ಆದರೆ ಹೈದರಾಬಾದಿನ ಬೇಗಂಪೇಟೆ ಕಡೆಯ ಈ ಮಕ್ಕಳ ಆಸ್ಪತ್ರೆಯಲ್ಲಿ ಬೆಂಕಿಕಡ್ಡಿ ಗೀರಿದರೂ ಛಾವಣಿಯ ಯಂತ್ರ ಕೂಗಿಕೊಳ್ಳುತ್ತದೆ. ಮೊದಲ ಸಂಜೆ ಅವಳು ಮೊಮ್ಮಗಳಿಗೆ ನಿವಾಳಿಸಿದ್ದೆಲ್ಲವನ್ನೂ ಕೈತೊಳೆಯುವ ಬೇಸಿನ್ನಿಗೆ ಹಾಕಿ ನೀರು ಬಿಟ್ಟಳು. ಮೆಣಸಿನಕಾಯಿ ಕೊಳವೆಯಲ್ಲಿ ಸಿಕ್ಕಿಕೊಂಡು ನೀರು ಮೇಲೆ ಬಂತು, ಆಯಾ ಬಂದು ಬೈದು ಹೋದಳು. ಕಸದ ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಆ ಕಸ ಎತ್ತುವ ಹೆಣ್ಣುಮಗಳೂ ಮಕ್ಕಳು ಮರಿ ಇರುವವಳೇ. ದಾರಿಗೆ ಚೆಲ್ಲಿದರೆ ತುಳಿದವರಿಗೆ ತಗಲುತ್ತದೆ.

ಹಾಗೆ ಜಾಗ ಹುಡುಕುತ್ತ ಹೋದಾಗ ಕಂಡದ್ದು ಈ ತೋಟ. ನೆಲಮಹಡಿಯ ಹಿಂದೆ, ಗೋಡೆಯ ಉದ್ದಕ್ಕೂ ಇಟ್ಟಿಗೆಯಲ್ಲಿ ಎತ್ತರಿಸಿ ಕಟ್ಟಿದ ಮಡಿ. ಗಾಲಿಕುರ್ಚಿಯಲ್ಲಿ ಕೂತ ಮಗುವಿನ ಕೈಗೂ ಮಣ್ಣು ಸಿಗಬೇಕೆಂದು ಆ ಎತ್ತರ. ಮಡಿಯ ಅಂಚಿಗೆ ಹಿಡಿದು ನಿಲ್ಲಲು ಸ್ಟೀಲಿನ ಸರಳು. ಪುದೀನ, ದೊಡ್ಡಪತ್ರೆ, ಚೆಂಡುಹೂವು, ಮುಟ್ಟಿದರೆ ಮುನಿ. ಮಡಿಯ ಕೊನೆಯಲ್ಲಿ ಗೋಡೆಗೆ ತಾಗಿದ ಮೂಲೆಯ ಮಣ್ಣು ಖಾಲಿ ಬಿದ್ದಿತ್ತು. ಗದಿಗೆಮ್ಮ ಆ ಕಡೆ ಈ ಕಡೆ ನೋಡಿ, ಚಮಚದಿಂದ ಗುಳಿ ತೋಡಿ, ದೃಷ್ಟಿಯನ್ನು ಹೂತು, ಕೈ ಕೊಡವಿಕೊಂಡಳು. ಇನ್ನು ಮೇಲೆ ದಿನಾ ಸಂಜೆ ಇಲ್ಲೇ ಎಂದು ಗೊತ್ತುಮಾಡಿಕೊಂಡಳು.

ಗದಿಗೆಮ್ಮ ಹೈದರಾಬಾದಿಗೆ ಹೊಸಬಳಲ್ಲ. ಗಂಡ ತೀರಿಕೊಂಡ ಮೇಲೆ ನಾರಾಯಣಗೂಡದ ಒಂದು ಗಲ್ಲಿಯಲ್ಲಿ ಜೋಳದ ರೊಟ್ಟಿ ಬಡಿದು, ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಓದಲು, ದುಡಿಯಲು ಬಂದ ಹುಡುಗರ ಹೊಟ್ಟೆ ತುಂಬಿಸಿ, ಅದರಲ್ಲೇ ಮಗನನ್ನು ಓದಿಸಿದವಳು. ಮಗ ಮಹೇಶಕುಮಾರನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಸೊಸೆ ವಿಜಯಶ್ರೀ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ. ಹಾಗಾಗಿ ಮೊಮ್ಮಗಳು ಹರ್ಷಿತಾ ಆಸ್ಪತ್ರೆ ಸೇರಿದಾಗ ಹಗಲೆಲ್ಲ ಮಂಚದ ಪಕ್ಕ ಕೂರುವ ಕೆಲಸ ಅವಳು ಆಯಿ ಎಂದು ಕರೆಯುವ ಅಜ್ಜಿಯ ಪಾಲಿಗೆ ಬಂತು.

ಹರ್ಷಿತಾಗೆ ಎಂಟು ವರ್ಷ. ಸಾಮಾನ್ಯ ಜ್ವರ ಅಂತ ಶುರುವಾದದ್ದು, ಜ್ವರ ಬಿಟ್ಟ ಮೇಲೆ ಕಾಲಿನ ಬಲವನ್ನೇ ತೆಗೆದುಕೊಂಡು ಹೋಯಿತು. ನರಗಳ ಕಾಯಿಲೆ ಅಂದರು. ಉಸಿರಿನ ಯಂತ್ರದ ಕೋಣೆಯಲ್ಲಿ ಮಗು ಮಲಗಿದ್ದ ಆ ದಿನಗಳನ್ನು ಮನೆಯವರು ಯಾರೂ ಈಗಲೂ ಬಾಯಿಬಿಟ್ಟು ಆಡುವುದಿಲ್ಲ. ದೇವರು ದೊಡ್ಡವನು, ಡಾಕ್ಟರರ ಕೈಗುಣವೂ ದೊಡ್ಡದು. ಮಗು ಹೊರಗೆ ಬಂತು, ಕೈಗೆ ಬಲ ಬಂತು, ಮಾತು ಬಂತು. ಕಾಲಿಗೂ ಬಲ ಬಂದಿದೆ ಎಂದು ಡಾಕ್ಟರು ಮಂಡಿ ತಟ್ಟಿ ತೋರಿಸಿದರು. ಆದರೆ ಹುಡುಗಿ ನಿಲ್ಲಲು ಒಲ್ಲೆ ಅಂದಳು. ಒಂದು ಸಲ ನಿಲ್ಲಿಸಲು ಹೋದಾಗ ಕುಸಿದು ಬಿದ್ದಿದ್ದಳು. ಆ ಹೆದರಿಕೆ ಒಳಗೆ ಕೂತುಬಿಟ್ಟಿತ್ತು.

"ಅಮ್ಮಾ, ಈಗ ನಿಲ್ಲಬೇಕು," ಎಂದು ಡಾಕ್ಟರು ಗದಿಗೆಮ್ಮನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಹೇಳಿದರು. "ಹೀಗೇ ಮಲಗಿದ್ದರೆ ಬಂದ ಬಲವೂ ಕರಗಿ ಹೋಗುತ್ತದೆ. ಬೈದು ನಿಲ್ಲಿಸಬೇಡಿ, ಆದರೆ ಹೇಗಾದರೂ ನಿಲ್ಲಬೇಕು."

ಬೈಯದೆ ನಿಲ್ಲಿಸುವುದು ಹೇಗೆ ಎಂದು ಗದಿಗೆಮ್ಮ ತಲೆ ಕೆಡಿಸಿಕೊಂಡಿದ್ದಾಗಲೇ ಅನ್ನಮ್ಮ ವಾರ್ಡಿಗೆ ಬಂದಳು. ತೋಟದ ಉಸ್ತುವಾರಿ ಅವಳದು. ಜಹೀರಾಬಾದ್ ಕಡೆಯವಳು, ಕನ್ನಡ ತೆಲುಗು ಎರಡನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಮಾತಾಡುವವಳು.

"ಏಮಮ್ಮಾ, ಪಾಪನ್ನ ಕೆಳಗ ಕರ್ಕೊಂಡು ಬರ್ರಿ. ದಿನಾ ಗ್ವಾಡಿ ನೋಡಿ ನೋಡಿ ಹುಡುಗಿ ತಾನೂ ಗ್ವಾಡಿ ಆಗ್ಯಾಳ."

"ಗಾಳಿ ಹಿಡೀತೈತಿ ಕೂಸಿಗೆ," ಅಂದಳು ಗದಿಗೆಮ್ಮ. "ಹುಳ ಹುಪ್ಪಡಿ ಬ್ಯಾರೆ."

"ಭಾಳ ಛಲೋ ಹುಳ ಅದಾವ ನಮ್ಮಲ್ಲಿ. ಬಾ ಪಾಪಾ, ತೋರಸ್ತೀನಿ."

ಎಷ್ಟೋ ದಿನದಿಂದ ಯಾರ ಮಾತಿಗೂ ತಿರುಗದ ಹರ್ಷಿತಾ ಆ ಮಾತಿಗೆ ತಲೆಯೆತ್ತಿದಳು. "ಎಂಥಾ ಹುಳ?"

ಹಾಗೆ ಶುರುವಾಯಿತು. ಗಾಲಿಕುರ್ಚಿ ತಿರುಗಿಸಲು ಜಾಗ ಇದ್ದದ್ದು ಮಡಿಯ ಕೊನೆಯಲ್ಲಿ ಮಾತ್ರ, ಬೆಳಗಿನ ಎಳೆಬಿಸಿಲು ಬೀಳುತ್ತಿದ್ದದ್ದೂ ಅಲ್ಲೇ. ಎರಡೆಲೆ ಬಿಟ್ಟ ಒಂದು ಹೀರೆ ಸಸಿಯನ್ನು ಅನ್ನಮ್ಮ ಅಲ್ಲಿ ನೆಟ್ಟು, "ಇದು ನಿಂದು. ಸತ್ರೂ ನಿಂದೇ, ಬದುಕಿದ್ರೂ ನಿಂದೇ," ಅಂದಳು. ಗದಿಗೆಮ್ಮನ ಗುಳಿ ಅದರ ಹಿಂದೆ, ಗೋಡೆಯ ಬುಡದಲ್ಲಿತ್ತು. ಒಂದು ಮೊಳ ದೂರ ಇದೆಯಲ್ಲ, ಗಿಡಕ್ಕೇನು ಆಗುತ್ತದೆ ಎಂದು ಅವಳು ಸುಮ್ಮನಾದಳು. ಬೆಳಿಗ್ಗೆ ಮೊಮ್ಮಗಳ ಜೊತೆ ಬಂದುಹೋಗುವವಳೆಂದು, ಸಂಜೆ ಹೂಳಲು ಒಬ್ಬಳೇ ಬಂದರೂ ಯಾರೂ ಏನೂ ಕೇಳುತ್ತಿರಲಿಲ್ಲ.

ಆ ತೋಟದಲ್ಲಿ ಮಕ್ಕಳು ಬೇರೆಯೇ ಆಗುವುದನ್ನು ಗದಿಗೆಮ್ಮ ಕಣ್ಣಾರೆ ಕಂಡಳು. ಪಕ್ಕದ ಮಂಚದ ಮೆಹರುನ್ನಿಸಾಳ ಮಗ ಎದೆಯ ಆಪರೇಷನ್ ಆದ ಪೋರ, ಬಿಳಿ ಕೋಟು ಕಂಡರೆ ಕಿರುಚುತ್ತಿದ್ದವನು. ಮುಟ್ಟಿದರೆ ಮುನಿಯ ಎಲೆಗಳನ್ನು ಒಂದೊಂದಾಗಿ ಮಲಗಿಸಿ ಮೇಲೆ ಬಂದನೆಂದರೆ ಸೂಜಿಗೆ ತಾನೇ ಕೈ ಚಾಚುತ್ತಿದ್ದ. ಅನ್ನ ಮುಟ್ಟದವರು ತಾವೇ ಕಿತ್ತ ಪುದೀನ ಚಟ್ನಿಗೆ ಹಾಕಿದ್ದಾರೆಂದರೆ ತಟ್ಟೆ ನೆಕ್ಕುತ್ತಿದ್ದರು. ಗದಿಗೆಮ್ಮ ಇದಕ್ಕೆ ತನ್ನದೇ ಅರ್ಥ ಕಂಡುಕೊಂಡಳು. ಮೇಲೆ ಬರುವವರೆಲ್ಲ ಮಗುವಿಗೆ ಏನಾದರೂ ಮಾಡುವವರೇ. ಚುಚ್ಚುವವರು, ತೂಗುವವರು, ಬಾಯಿ ತೆಗೆ ಅನ್ನುವವರು. ಕೆಳಗೆ ಬಂದರೆ ಮಗುವೇ ಇನ್ನೊಂದು ಜೀವಕ್ಕೆ ನೀರು ಹಾಕಬೇಕು, ಅದರ ಕಾಳಜಿ ಮಾಡಬೇಕು. ರೊಟ್ಟಿಮನೆಗೆ ಕೆಲಸ ಕೇಳಿಕೊಂಡು ಅಳುತ್ತ ಬಂದ ಹೆಂಗಸರಲ್ಲೂ ಅವಳು ಇದನ್ನೇ ನೋಡಿದ್ದಳು. ಕೈಗೆ ಹಿಟ್ಟು ಕೊಟ್ಟರೆ ಅಳು ನಿಲ್ಲುತ್ತಿತ್ತು.

ಹೀರೆಬಳ್ಳಿ ಭರಭರನೆ ಏರಿತು. ಅನ್ನಮ್ಮ ಮೇಲಿನ ಕಂಬಿಗೆ ಹುರಿ ಕಟ್ಟಿಕೊಟ್ಟಿದ್ದಳು. ಹೊಸ ಕುಡಿ ಬಂದಾಗೆಲ್ಲ ಅದನ್ನು ಹುರಿಗೆ ಸುತ್ತುವುದು ಹರ್ಷಿತಾಳ ಕೆಲಸ. ಒಂದು ಬೆಳಿಗ್ಗೆ ಕುಡಿ ಅವಳ ಕೈಗೆ ಎಟುಕದಷ್ಟು ಮೇಲಿತ್ತು. ಕುರ್ಚಿಯಲ್ಲೇ ಕೂತು ಎಷ್ಟು ಚಾಚಿದರೂ ಬೆರಳಿಗೆ ಸಿಗಲಿಲ್ಲ.

"ಅನ್ನಮ್ಮಕ್ಕ, ನೀ ಸುತ್ತು."

"ನಂದಾ ಬಳ್ಳಿ? ನಿಂದು," ಎಂದು ಅನ್ನಮ್ಮ ಬೇರೆ ಕಡೆ ಹೋದಳು.

ಹರ್ಷಿತಾ ಸರಳನ್ನು ನೋಡಿದಳು, ತನ್ನ ಕಾಲು ನೋಡಿಕೊಂಡಳು. ಆ ನೋಟವನ್ನು ಗದಿಗೆಮ್ಮ ಕಂಡಳು. ಇಂದಲ್ಲ ನಾಳೆ ಹುಡುಗಿ ಏಳುತ್ತಾಳೆ. ಈ ಬಳ್ಳಿಯೇ ಎಬ್ಬಿಸುತ್ತದೆ.

ಇತ್ತ ವಾರ್ಡಿನಲ್ಲಿ ಗದಿಗೆಮ್ಮನ ಹೆಸರೂ ಹೀರೆಬಳ್ಳಿಯಂತೆ ಏರಿತ್ತು. ಅವಳು ಮೊಮ್ಮಗಳಿಗೆ ನಿವಾಳಿಸುವುದನ್ನು ಮೊದಲು ನೋಡಿದವಳು ಮೆಹರುನ್ನಿಸಾ. "ಅಮ್ಮಾ, ಮೇರೇ ಬಚ್ಚೇ ಕೀ ಭೀ ನಜರ್ ಉತಾರೋ ನಾ," ನನ್ನ ಮಗುವಿನ ದೃಷ್ಟಿಯನ್ನೂ ತೆಗೆಯಿರಿ ಎಂದು ಕೇಳಿಕೊಂಡಳು. ಅಂದು ಮಗು ಚೆನ್ನಾಗಿ ನಿದ್ದೆ ಮಾಡಿತು. ಮರುದಿನ ವರಂಗಲ್ಲಿನ ಒಬ್ಬಳು ಬಂದಳು, ಆಮೇಲೆ ಮಹಬೂಬನಗರದ ಒಬ್ಬಳು. ದೇವರ ಹೆಸರು ಯಾರದಾದರೂ ಇರಲಿ, ಕೆಟ್ಟ ಕಣ್ಣು ಎಲ್ಲರಿಗೂ ಒಂದೇ. "ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು," ಎಂದು ಗದಿಗೆಮ್ಮ ಮಂಚದಿಂದ ಮಂಚಕ್ಕೆ ಹೋಗುವಾಗ ತಾಯಂದಿರು ಸೆರಗು ಹೊದ್ದು ಕೈಮುಗಿದು ನಿಲ್ಲುತ್ತಿದ್ದರು. ಉಪ್ಪನ್ನು ಅವರೇ ತಂದುಕೊಡುತ್ತಿದ್ದರು. ಮುಷ್ಟಿಯಲ್ಲಿ ಹೋಗುತ್ತಿದ್ದ ಉಪ್ಪು ಈಗ ಸ್ಟೀಲಿನ ಡಬ್ಬಿಯಲ್ಲಿ ಹೋಗತೊಡಗಿತು.

"ಅತ್ತೀ, ಇದು ಆಸ್ಪತ್ರೀರಿ," ಎಂದು ವಿಜಯಶ್ರೀ ನಗುತ್ತಲೇ ಚುಚ್ಚಿದಳು. "ಡಾಕ್ಟರ್ ರೌಂಡ್ಸಿಗೆ ಬರೂದು ಮುಂಜಾನೆ, ನೀವು ಬರೂದು ಸಂಜಿಗೆ."

"ಅವ್ರಿಗೆ ಪಗಾರ ಐತಿ, ನನಗಿಲ್ಲ. ಅಷ್ಟೇ ಫರಕು," ಎಂದಳು ಗದಿಗೆಮ್ಮ.

ಆ ವಾರದಲ್ಲೇ ಬಳ್ಳಿಯ ಕೆಳಗಿನ ಎಲೆಗಳ ಅಂಚು ಸುಟ್ಟಂತೆ ಕಂದಿತು. ಬಿಸಿಲಿಗೆ ಇರಬೇಕು ಎಂದು ಅನ್ನಮ್ಮ ಗೋಣಿ ಕಟ್ಟಿದಳು. ಹುಳ ಇರಬೇಕು ಎಂದು ಬೇವಿನೆಣ್ಣೆ ಸಿಂಪಡಿಸಿದಳು. ಹರ್ಷಿತಾ ತನ್ನ ಕುಡಿಯುವ ನೀರನ್ನೂ ಅದಕ್ಕೇ ಹಾಕಿದಳು. ಕಂದು ಬಣ್ಣ ಮೇಲೇರುತ್ತಲೇ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ತುದಿಯ ಕುಡಿ ಕತ್ತು ಮುರಿದಂತೆ ಜೋತುಬಿದ್ದಿತ್ತು.

ಆ ಸಂಜೆ ವಾರ್ಡಿನಲ್ಲಿ ಅದೇ ಮಾತು.

"ಕ್ಯಾ ಹಾಥ್ ಹೈ ಅಮ್ಮಾ ಆಪ್ಕಾ!" ಎಂದು ಮೆಹರುನ್ನಿಸಾ ಕಣ್ಣರಳಿಸಿದಳು. ಎಂಥ ಕೈಗುಣ ನಿಮ್ಮದು, ಮಗುವಿನ ಮೇಲಿದ್ದ ದೃಷ್ಟಿಯೆಲ್ಲ ಇಳಿದು ಆ ಬಳ್ಳಿಗೆ ಹತ್ತಿ, ಬಳ್ಳಿಯೇ ಸುಟ್ಟುಹೋಯಿತು ಎಂದಳು. ವರಂಗಲ್ಲಿನವಳು ಹೌದೆಂದು ಗಲ್ಲ ಬಡಿದುಕೊಂಡಳು. ಗದಿಗೆಮ್ಮ ಅಲ್ಲ ಎನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ? ಇದ್ದರೂ ಇರಬಹುದು ಎಂದು ಅವಳಿಗೂ ಅನ್ನಿಸಿತು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಹರ್ಷಿತಾಗೆ ನಿದ್ದೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿ ತಂದರೆ ಹುಡುಗಿ ಹೊದಿಕೆ ಎಳೆದುಕೊಂಡಳು.

"ನಾ ಒಲ್ಲೆ. ತ್ವಾಟಕ್ಕ ಬರೂದಿಲ್ಲ."

"ಯಾಕವಾ?"

"ನನ್ನ ಮೈಯಾಗಿಂದು ಹತ್ತಿ ಬಳ್ಳಿ ಸತ್ತೈತಿ. ನಾ ಮುಟ್ಟಿದ್ದೆಲ್ಲಾ ಸಾಯ್ತೈತಿ. ಬ್ಯಾರೆ ಗಿಡಾನೂ ಸಾಯ್ತಾವ." ಹೊದಿಕೆಯೊಳಗೆ ಕಾಲು ಮುದುಡಿಕೊಂಡು, "ನನ್ನ ಕಾಲೂ ಹಂಗ ಒಣಗತಾವ, ನಂಗ ಗೊತ್ತೈತಿ," ಅಂದಳು.

ವ್ಯಾಯಾಮ ಮಾಡಿಸಲು ಬಂದವರಿಗೂ ಕಾಲು ಮುಟ್ಟಗೊಡಲಿಲ್ಲ. ಡಾಕ್ಟರು ಬಂದು ನೋಡಿ, ತುಟಿ ಕಚ್ಚಿಕೊಂಡು ಹೋದರು. ವಿಜಯಶ್ರೀ ರಜೆ ಹಾಕಿ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಬಿಕ್ಕಿದಳು. ಉಸಿರಿನ ಯಂತ್ರದ ದಿನಗಳಲ್ಲೂ ಅಳದ ಸೊಸೆ ಅಂದು ಅತ್ತಳು.

ಅಂದು ಸಂಜೆಯೂ ತಾಯಂದಿರು ಉಪ್ಪು ಕೊಟ್ಟರು. ಗದಿಗೆಮ್ಮ ಅಭ್ಯಾಸಬಲದಿಂದ ಮೂಲೆಗೆ ಹೋಗಿ ಚಮಚ ಎತ್ತಿದಳು. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಗೋಡೆಯ ಬುಡದಿಂದ ಬಳ್ಳಿಯ ಬುಡದವರೆಗೆ ಮಣ್ಣಿನ ಮೇಲೆ ಏನೋ ಬೆಳ್ಳಗೆ ಹೆಪ್ಪುಗಟ್ಟಿ ಮಿನುಗುತ್ತಿತ್ತು. ಇಟ್ಟಿಗೆಯ ಸಂದಿನಲ್ಲೂ ಅದೇ ಬಿಳುಪು. ಇಂಥದ್ದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ವರ್ಷ ವರ್ಷ ಮಾವಿನ ಉಪ್ಪಿನಕಾಯಿ ಹಾಕುತ್ತಿದ್ದ ಮಣ್ಣಿನ ಭರಣಿಯ ಹೊರಮೈ ಹೀಗೇ ಬೆಳ್ಳಗಾಗುತ್ತಿತ್ತು. ಬೆರಳಿನಿಂದ ಕೆರೆದು ನಾಲಿಗೆಯ ತುದಿಗೆ ಹಚ್ಚಿಕೊಂಡಳು.

ಉಪ್ಪು.

ಗದಿಗೆಮ್ಮ ಚಮಚ ಕೆಳಗಿಟ್ಟು ಮಡಿಯ ಅಂಚಿನ ಮೇಲೆ ಕೂತುಬಿಟ್ಟಳು. ಇಡೀ ವಾರ್ಡಿನ ಉಪ್ಪನ್ನು ತಾನೇ ತಂದು ಸುರಿದಿದ್ದಳು. ಮಗು ಪ್ರೀತಿಯಿಂದ ಹಾಕಿದ ನೀರೇ ಅದನ್ನು ಕರಗಿಸಿ ಬೇರಿಗೆ ಮುಟ್ಟಿಸಿತ್ತು. ಕೆಟ್ಟ ಕಣ್ಣೂ ಇಲ್ಲ, ಕೈಗುಣವೂ ಇಲ್ಲ.

ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ ಎಂಬ ಮಾತು ಮನಸ್ಸಿನಲ್ಲಿ ಬರದೆ ಇರಲಿಲ್ಲ. ಇನ್ನೊಂದು ಸಸಿ ನೆಡಿಸಿ, ದೃಷ್ಟಿಯೆಲ್ಲ ಮುಗಿಯಿತು ಮಗಳೇ, ಇನ್ನು ಭಯವಿಲ್ಲ ಅಂದರೆ ಮಾನವೂ ಉಳಿಯುತ್ತದೆ. ಆದರೆ ಈ ಹುಡುಗಿ ಆಯಿಯ ಬಾಯಿಂದ ಬಂದದ್ದನ್ನು ಕಲ್ಲಿನ ಮೇಲೆ ಬರೆದಂತೆ ನಂಬುವವಳು. ತನ್ನ ಮೈಯಲ್ಲಿ ಬಳ್ಳಿಯನ್ನು ಕೊಲ್ಲುವಂಥದ್ದು ಇತ್ತೆಂದು ನಂಬಿಕೊಂಡೇ ದೊಡ್ಡವಳಾಗುತ್ತಾಳೆ. ಎರಡು ಕಾಲ ಮೇಲೆ ನಿಂತರೂ ಆ ನಂಬಿಕೆ ಅವಳನ್ನು ಕುಂಟಿಸುತ್ತದೆ. ತನ್ನ ಮಾನ ಏನು ಮಹಾ? ರೊಟ್ಟಿ ಸೀದಾಗ ಊಟದ ಹುಡುಗರ ಎದುರು ಒಪ್ಪಿಕೊಂಡಿರಲಿಲ್ಲವೆ?

ಬೆಳಗಾಗುತ್ತಲೇ ಅವಳು ಮಂಚದ ಮುಂದೆ ನಿಂತಳು. ಮೆಹರುನ್ನಿಸಾ, ವರಂಗಲ್ಲಿನವಳು, ವಿಜಯಶ್ರೀ ಎಲ್ಲರೂ ಇದ್ದರು.

"ಹರ್ಷೀ, ನಿನ್ನ ಬಳ್ಳಿ ಸಾಯಿಸಿದ್ದು ನಾನು."

ಹೊದಿಕೆಯೊಳಗಿಂದ ಒಂದು ಕಣ್ಣು ಹೊರಬಂತು. "ಸುಳ್ಳು."

"ಖರೇನ ಹೇಳಾಕತ್ತೀನಿ. ದಿನಾ ಉಪ್ಪು ಒಯ್ದು ಅದರ ಬುಡಕ್ಕ ಹೂತೀನಿ. ಎಲ್ಲಾ ಮಕ್ಕಳ ಉಪ್ಪೂ ಅಲ್ಲೇ. ಉಪ್ಪು ತಿಂದು ಯಾವ ಗಿಡ ಬದುಕತೈತಿ? ನಿನ್ನ ಮೈಯಾಗಿಂದು ಏನೂ ಇಲ್ಲ ಅದರಾಗ. ಇದ್ದದ್ದು ನನ್ನ ಹುಚ್ಚುತನ."

ಮೆಹರುನ್ನಿಸಾ ಬಾಯಿ ಮೇಲೆ ಸೆರಗಿಟ್ಟುಕೊಂಡಳು.

"ನನ್ನ ಸಮಾಧಾನ ಮಾಡಾಕ ಹೇಳಾಕತ್ತಿ ನೀ," ಎಂದಳು ಹರ್ಷಿತಾ. "ತೋರಸು ನೋಡೂಣು."

"ಏಳು ಮತ್ತ. ಕುರ್ಚಿ ತರ್ತೀನಿ."

ಕೆಳಗೆ ಅನ್ನಮ್ಮ ಪೈಪು ಹಿಡಿದು ನಿಂತಿದ್ದಳು. ಗದಿಗೆಮ್ಮ ಬಿಳಿ ಮಣ್ಣು ಕೆರೆದು ಅಂಗೈಯಲ್ಲಿಟ್ಟು, "ನಾಲಿಗಿಗೆ ಹಚ್ಚಿ ನೋಡವಾ. ಕೂಸಿಗೆ ಕೊಡಬಾರದು, ನೀ ಸಾಕ್ಷಿ ಹೇಳು," ಅಂದಳು. ಅನ್ನಮ್ಮ ನೆಕ್ಕಿದಳು, ಮುಖ ಕಿವಿಚಿಕೊಂಡಳು, ಥೂ ಎಂದು ಉಗಿದಳು.

"ಅಯ್ಯೋ ದೇವುಡಾ! ಉಪ್ಪಿನಕಾಯಿ ಹಾಕೀರೇನಮ್ಮಾ ನನ್ನ ತ್ವಾಟಾನ? ನಾ ಹುಚ್ಚಿ, ಬೇವಿನೆಣ್ಣಿ ಹೊಡ್ಯಾಕತ್ತೀನಿ!"

ಹರ್ಷಿತಾ ಅನ್ನಮ್ಮನ ಮುಖ ನೋಡಿದಳು, ಆಯಿಯ ಮುಖ ನೋಡಿದಳು. ಎರಡು ದಿನದಿಂದ ಬೂದಿಯಾಗಿದ್ದ ಮುಖಕ್ಕೆ ರಕ್ತ ಏರಿತು.

"ಆಯೀ! ಬುದ್ಧಿ ಐತೇನು ನಿನಗ? ನನ್ನ ಬಳ್ಳಿ ಅದು!"

"ತಪ್ಪಾತವಾ."

"ತಪ್ಪಾತ ಅಂದ್ರ? ನಾಕ ದಿನಕ್ಕ ಹೂ ಬಿಡೂದಿತ್ತು!"

ಬೈಗುಳ ಬೀಳುತ್ತಿದ್ದರೆ ಗದಿಗೆಮ್ಮನಿಗೆ ಮೈಮೇಲೆ ಹೂ ಬಿದ್ದಂತಾಗುತ್ತಿತ್ತು. ಸತ್ತ ಬಳ್ಳಿಯನ್ನಾದರೂ ಕಣ್ಣೆದುರಿನಿಂದ ತೆಗೆದುಬಿಡೋಣ ಎಂದು ಅವಳು ಹುರಿಗೆ ಕೈ ಹಾಕಿ ಜಗ್ಗಿದಳು.

"ಮುಟ್ಟಬ್ಯಾಡ! ಹಂಗ ಹರೀತಾರೇನು? ನಾ ಸುತ್ತಿದ್ದು, ನಾನ ಬಿಚ್ಚತೀನಿ. ಸರಿ ನೀ!"

ಹುಡುಗಿ ಎರಡೂ ಕೈಯಿಂದ ಸರಳು ಹಿಡಿದಳು. ಕುರ್ಚಿ ಹಿಂದಕ್ಕೆ ಸರಿಯಿತು. ವಿಜಯಶ್ರೀ ಹಿಡಿಯಲು ಮುಂದೆ ಬಂದಳು, ಅನ್ನಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. ಹರ್ಷಿತಾ ಎದ್ದು ನಿಂತಿದ್ದಳು. ಹೊಟ್ಟೆಯನ್ನು ಇಟ್ಟಿಗೆಗೆ ಆನಿಸಿ, ಒಂದು ಕೈ ಮೇಲೆ ಚಾಚಿ, ಒಣಗಿದ ಕುಡಿಯ ಒಂದೊಂದು ಸುರುಳಿಯನ್ನೂ ಹುರಿಯಿಂದ ಬಿಚ್ಚುತ್ತಿದ್ದಳು. ಬಿಚ್ಚುತ್ತ ಬೈಯುತ್ತಲೇ ಇದ್ದಳು. ಕಾಲು ನಡುಗುತ್ತಿದ್ದವು. ಅದು ಅವಳಿಗೇ ಗೊತ್ತಿರಲಿಲ್ಲ. ಕೊನೆಯ ಸುರುಳಿ ಬಿಚ್ಚಿ, ಬಳ್ಳಿಯನ್ನು ಮಣ್ಣಿನ ಮೇಲೆ ಮೆಲ್ಲಗೆ ಮಲಗಿಸಿ, ತಿರುಗಿ ನೋಡಿದರೆ ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು.

"ಏನ್ ನೋಡಾಕತ್ತೀರಿ?" ಎಂದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. "ಮಮ್ಮೀ…" ಎನ್ನುವಷ್ಟರಲ್ಲಿ ವಿಜಯಶ್ರೀ ಅವಳನ್ನು ತಬ್ಬಿ ಕುರ್ಚಿಯಲ್ಲಿ ಕೂರಿಸಿದ್ದಳು.

ಆ ಮೂಲೆಯ ಮಣ್ಣನ್ನು ಪೂರ್ತಿ ತೆಗೆಯದೆ ಏನೂ ಬೆಳೆಯದು ಎಂದಳು ಅನ್ನಮ್ಮ. ಗದಿಗೆಮ್ಮ ಸೆರಗು ಬಿಗಿದಳು, ಆದರೆ ಮಂಡಿನೋವಿನ ಹೆಂಗಸು ಎಷ್ಟು ಬುಟ್ಟಿ ಎತ್ತಿಯಾಳು? ಉಪ್ಪು ಕೊಟ್ಟ ತಾಯಂದಿರೆಲ್ಲ ಇಳಿದು ಬಂದರು. "ನಮಕ್ ಹಮಾರಾ ಭೀ ಥಾ," ನಮ್ಮ ಉಪ್ಪೂ ಇತ್ತಲ್ಲ ಅಮ್ಮಾ ಎಂದು ಮೆಹರುನ್ನಿಸಾ ಬುಟ್ಟಿ ಕಸಿದುಕೊಂಡಳು. ಮಕ್ಕಳು ಕುರ್ಚಿಯಲ್ಲಿ, ಬೆಂಚಿನ ಮೇಲೆ ಕೂತು ಹುಕುಂ ಕೊಟ್ಟರು, ತಾಯಂದಿರು ಮಣ್ಣು ಹೊತ್ತರು. ಯಾರೂ ಗದಿಗೆಮ್ಮನನ್ನು ಆಡಿಕೊಳ್ಳಲಿಲ್ಲ ಎನ್ನಲಾಗದು. ಸಾಕಷ್ಟು ಆಡಿಕೊಂಡರು, ಆದರೆ ಅವಳ ರೊಟ್ಟಿ ತಿನ್ನುತ್ತ ಆಡಿಕೊಂಡರು. ಅನ್ನಮ್ಮನಿಗೆಂದು ಅವಳು ಮನೆಯಿಂದ ಬೇರೆಯೇ ಗಂಟು ತರಿಸಿದ್ದಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ. ಕೈಮುಗಿಯಲು ಹೋದರೆ ಅನ್ನಮ್ಮ, "ಅದೆಲ್ಲಾ ಯಾಕಮ್ಮಾ, ಇನ್ನೊಂದು ರೊಟ್ಟಿ ಕೊಡ್ರಿ," ಅಂದಳು.

ಹೊಸ ಮಣ್ಣು ಬಿತ್ತು. ಹರ್ಷಿತಾ ನಿಂತುಕೊಂಡೇ ಬೀಜ ಊರಿದಳು. ಮೊದಲು ಹೊಟ್ಟೆ ಆನಿಸಿ ನಿಂತವಳು, ಆಮೇಲೆ ಎರಡು ಕೈ ಹಿಡಿದು, ಆಮೇಲೆ ಒಂದು ಕೈ. ಸರಳು ಹಿಡಿದು ಪಕ್ಕದ ಪುದೀನದವರೆಗೆ ಹೆಜ್ಜೆ ಇಟ್ಟಳು. ಬೇರೆ ಮಕ್ಕಳು ತಮ್ಮ ಗಿಡಕ್ಕೆ ನೀರು ಹಾಕಿದ್ದಾರೋ ಇಲ್ಲವೋ ನೋಡಲು ಹೋದದ್ದಂತೆ, ನಡೆಯಲು ಅಲ್ಲವಂತೆ. ಡಾಕ್ಟರು ಕಿಟಕಿಯಿಂದಲೇ ನೋಡಿ ಹೆಬ್ಬೆರಳು ಎತ್ತಿದರು.

ಮನೆಗೆ ಕಳಿಸುತ್ತೇವೆ ಅಂದ ದಿನ ಅವಳು ಮಡಿಯ ಈ ತುದಿಯಿಂದ ಆ ತುದಿಗೆ ನಡೆದಳು. ಬಿಸಿಲು ಅವಳ ಕೂದಲ ಮೇಲಿತ್ತು. ಬೆಂಚಿನ ಮೇಲೆ ಸೊಸೆಯ ಪಕ್ಕ ಕೂತ ಗದಿಗೆಮ್ಮ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಿದ್ದಳು.

"ಯಾಕ ಅತ್ತೀ, ನೋಡೂದಿಲ್ಲೇನು?"

"ಇಷ್ಟು ಆಸೀಲೆ ನೋಡಬಾರದವಾ. ನಮ್ಮ ಕಣ್ಣ ಮೊದಲು ತಾಗತಾವ."

ವಿಜಯಶ್ರೀ ಅವಳ ಒರಟು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನೋಡ್ರಿ. ಏನೂ ಆಗೂದಿಲ್ಲ. ಇಷ್ಟು ದಿನ ಕಾದೀರಿ, ನೋಡ್ರಿ."

ಗದಿಗೆಮ್ಮ ತಿರುಗಿದಳು. ಮೊಮ್ಮಗಳ ತೆಳ್ಳನೆ ಕಾಲು, ಸರಳು ಹಿಡಿದ ಬೆರಳು, ಅನ್ನಮ್ಮನ ಮೇಲೇ ಜೋರು ಮಾಡುತ್ತಿದ್ದ ಬಾಯಿ, ಒಂದನ್ನೂ ಬಿಡದೆ ನೋಡಿದಳು. ಕಣ್ಣು ತುಂಬಿ ಏನೂ ಕಾಣದಾದಾಗ ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು.